ಮುಖ್ಯ ಕ್ರೀಡಾಂಗಣವನ್ನು ಕಾಯುವ ಪಕ್ಕದ ಮೈದಾನಗಳು

ಎಲ್ಲರಿಗೂ ನಮಸ್ಕಾರ. ಸಮುದಾಯದ ಬಳಕೆಗೆಂದೇ ಕಟ್ಟಿದ ಫುಟ್‌ಬಾಲ್ ಸಂಕೀರ್ಣವೊಂದನ್ನು ಈ ಸಂಚಿಕೆಯಲ್ಲಿ ಸುತ್ತಿ ನೋಡೋಣ. ಇಂಥ ಜಾಗಕ್ಕೆ ಬಂದವರ ಕಣ್ಣು ಮೊದಲು ಹೋಗುವುದು ಗ್ಯಾಲರಿ ಮತ್ತು ದೀಪದ ಕಂಬಗಳಿರುವ ಮುಖ್ಯ ಕ್ರೀಡಾಂಗಣದ ಕಡೆಗೆ. ನಾನು ಮಾತ್ರ ಬೇಕೆಂದೇ ಕ್ಯಾಮೆರಾವನ್ನು ಪಕ್ಕದ ಮೈದಾನಗಳತ್ತ ತಿರುಗಿಸಿದ್ದೇನೆ. ವಾರವಿಡೀ ನಡೆಯುವ ಅಭ್ಯಾಸ, ಮಕ್ಕಳ ತರಬೇತಿ, ಸಂಜೆಯ ಸ್ನೇಹಪಂದ್ಯಗಳು ಇವುಗಳ ತುಳಿತವನ್ನೆಲ್ಲ ಈ ಮೈದಾನಗಳೇ ಹೊರುವುದರಿಂದ, ಮುಖ್ಯ ಅಂಕಣದ ಹುಲ್ಲಿಗೆ ಉಸಿರಾಡಲು ಬಿಡುವು ಸಿಗುತ್ತದೆ. ಸಂಕೀರ್ಣದ ಯೋಗ್ಯತೆಯನ್ನು ಅಳೆಯಬೇಕಾದದ್ದೂ ಇಲ್ಲಿಂದಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈಗ ತೆರೆಯ ಮೇಲಿರುವುದು ಚಿಕ್ಕ ಮಕ್ಕಳ ಅಂಕಣ. ವಯಸ್ಕರ ಆಟಕ್ಕೆ ಸಾಮಾನ್ಯವಾಗಿ ಬಳಸುವ ಅಂಕಣ 105 ಮೀಟರ್ ಉದ್ದ, 68 ಮೀಟರ್ ಅಗಲವಿರುತ್ತದೆ. ಗೋಲ್ ಕಂಬಗಳ ನಡುವಿನ ಅಂತರ 7.32 ಮೀಟರ್, ಅಡ್ಡಪಟ್ಟಿಯ ಎತ್ತರ 2.44 ಮೀಟರ್. ಎಂಟು ವರ್ಷದ ಮಗುವನ್ನು ಅಷ್ಟು ದೊಡ್ಡ ಗೋಲಿನ ಮುಂದೆ ನಿಲ್ಲಿಸಿದರೆ, ತಲೆಯ ಮೇಲಿಂದ ಹೋಗುವ ಚೆಂಡನ್ನು ತಡೆಯಲು ಅದಕ್ಕೆ ದಾರಿಯೇ ಇರುವುದಿಲ್ಲ. ಹಾಗಾಗಿ ಮಕ್ಕಳಿಗೆ ಅಂಕಣ, ಗೋಲು, ಚೆಂಡು ಎಲ್ಲವನ್ನೂ ಚಿಕ್ಕದಾಗಿಸುವುದಕ್ಕೆ ಆಟದ ನಿಯಮಗಳೇ ಅವಕಾಶ ಕೊಟ್ಟಿವೆ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯು ತಂಡಕ್ಕೆ ಐವರಂತೆ ಆಡುವ ಮಕ್ಕಳ ಆಟಕ್ಕೆ ಸೂಚಿಸುವ ಅಂಕಣ ಸುಮಾರು 37 ಮೀಟರ್ ಉದ್ದ, 27 ಮೀಟರ್ ಅಗಲದ್ದು. ಇಷ್ಟು ಜಾಗದಲ್ಲಿ ಪ್ರತಿ ಮಗುವಿನ ಕಾಲಿಗೂ ಮತ್ತೆ ಮತ್ತೆ ಚೆಂಡು ಸಿಗುತ್ತದೆ.

ಈ ಗೋಲಿನ ಹಿಂಬದಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬಲೆಯ ಕೆಳಗೆ ನೆಲಕ್ಕೆ ತಾಗಿದಂತೆ ಒಂದು ಕಂಬಿ ಹಾದುಹೋಗಿದೆ, ಅದರ ಮೇಲೆ ತೂಕದ ಮರಳು ಚೀಲಗಳಿವೆ, ಎರಡೂ ತುದಿಗಳಲ್ಲಿ ಕಬ್ಬಿಣದ ಗೂಟಗಳನ್ನು ನೆಲಕ್ಕೆ ಹೊಡೆದಿದ್ದಾರೆ. ಸಾಗಿಸಬಲ್ಲ ಗೋಲುಗಳನ್ನು ಹೀಗೆ ಬಿಗಿದು ನಿಲ್ಲಿಸುವುದು ಕಡ್ಡಾಯ. ಅಡ್ಡಪಟ್ಟಿಗೆ ಜೋತುಬಿದ್ದ ಮಕ್ಕಳ ಮೇಲೆ ಬಿಗಿಯದ ಗೋಲು ಮಗುಚಿ ಪ್ರಾಣಹಾನಿಯಾದ ಪ್ರಕರಣಗಳು ಹಲವು ದೇಶಗಳಲ್ಲಿ ನಡೆದಿವೆ. ಯಾವುದೇ ಸಂಕೀರ್ಣಕ್ಕೆ ಹೋದರೂ ನಾನು ಮೊದಲು ಮುಟ್ಟಿ ನೋಡುವುದು ಈ ಗೂಟಗಳನ್ನೇ.

ಅದರಾಚೆಗಿನದು ಕೃತಕ ಹುಲ್ಲಿನ ಮೈದಾನ. ಮಳೆ ನಿಂತ ಸ್ವಲ್ಪ ಹೊತ್ತಿಗೆಲ್ಲ ಆಡಬಹುದು, ಬೆಳಗಿನಿಂದ ರಾತ್ರಿಯವರೆಗೆ ತಂಡದ ಮೇಲೆ ತಂಡ ಇಳಿದರೂ ಅದು ತಾಳಿಕೊಳ್ಳುತ್ತದೆ. ಬಹಳ ಜನರಿಗೆ ಆಟದ ವೇಳೆ ಸಿಗುವುದು ಇದರಿಂದಲೇ ಎಂಬುದನ್ನು ಒಪ್ಪಲೇಬೇಕು. ಆದರೆ ಸುಡುಬಿಸಿಲಿನಲ್ಲಿ ಇದರ ಮೇಲ್ಮೈ ಅರವತ್ತು ಡಿಗ್ರಿ ಸೆಲ್ಸಿಯಸ್ಸನ್ನೂ ದಾಟಬಲ್ಲದು. ಎಳೆಗಳ ನಡುವೆ ತುಂಬುವ ರಬ್ಬರ್ ಹರಳುಗಳು ಬೂಟಿನೊಳಗೆ ಸೇರಿಕೊಂಡು ಮನೆಯವರೆಗೂ, ಮಳೆನೀರಿನೊಂದಿಗೆ ಚರಂಡಿಯವರೆಗೂ ಹೋಗುತ್ತವೆ. ಈ ಕಾರಣಕ್ಕೇ ಐರೋಪ್ಯ ಒಕ್ಕೂಟವು 2023ರಲ್ಲಿ ಅವುಗಳ ಮಾರಾಟಕ್ಕೆ ನಿಷೇಧ ವಿಧಿಸಿ, ಬದಲಿ ವ್ಯವಸ್ಥೆಗೆ ಎಂಟು ವರ್ಷಗಳ ಕಾಲಾವಕಾಶ ಕೊಟ್ಟಿತು. ಕೆನಡಾದಲ್ಲಿ ನಡೆದ 2015ರ ಮಹಿಳಾ ವಿಶ್ವಕಪ್ಪನ್ನು ಪೂರ್ತಿಯಾಗಿ ಕೃತಕ ಹುಲ್ಲಿನ ಮೇಲೆ ಆಡಿಸಲು ಹೊರಟಾಗ ಹೆಸರಾಂತ ಆಟಗಾರ್ತಿಯರು ಪ್ರತಿಭಟಿಸಿ ಕಾನೂನಿನ ಮೊರೆಹೋಗಿದ್ದರು. ಅಭ್ಯಾಸಕ್ಕೆ ಕೃತಕ ಹುಲ್ಲು ಸರಿ. ಮುಖ್ಯ ಪಂದ್ಯಕ್ಕೆ ನಿಜವಾದ ಹುಲ್ಲೇ ಬೇಕು ಎಂದು ಅವರಂತೆ ನಾನೂ ನಂಬುತ್ತೇನೆ.

ಇನ್ನು ಮುಖ್ಯ ಕ್ರೀಡಾಂಗಣಕ್ಕೆ ಬರೋಣ. ಸಮತಟ್ಟಾಗಿ ಕಾಣುವ ಈ ಅಂಕಣ ನಡುವಿನಲ್ಲಿ ಕೊಂಚ ಎತ್ತರವಾಗಿದ್ದು, ನೀರು ಎರಡೂ ಬದಿಗೆ ಹರಿದುಹೋಗುವಷ್ಟು ಇಳಿಜಾರು ಪಡೆದಿದೆ. ಹುಲ್ಲಿನ ಬೇರಿನಡಿ ಮರಳು ಹೆಚ್ಚಿರುವ ಮಣ್ಣು, ಅದರಡಿ ಜಲ್ಲಿ, ಜಲ್ಲಿಯೊಳಗೆ ತೂತುಗಳಿರುವ ಕೊಳವೆಗಳು. ಹುಲ್ಲು ಹಾಳಾಗುವುದು ಬೂಟಿನ ಮೊನೆಯಿಂದ ಎಂದು ಹಲವರು ತಿಳಿದಿದ್ದಾರೆ. ಅದಕ್ಕಿಂತ ದೊಡ್ಡ ಶತ್ರು ತುಳಿತದಿಂದ ಗಟ್ಟಿಯಾಗುವ ಮಣ್ಣು. ಮಣ್ಣಿನ ಕಣಗಳ ನಡುವಿನ ಗಾಳಿ ಹೊರಹೋದರೆ ನೀರು ಇಂಗುವುದಿಲ್ಲ, ಬೇರು ಕೆಳಗಿಳಿಯುವುದಿಲ್ಲ, ಮೇಲಿನ ಹುಲ್ಲು ಎಷ್ಟೇ ಹಸಿರಾಗಿದ್ದರೂ ಒಂದೇ ಜಾರುವಿಕೆಗೆ ಕಿತ್ತುಬರುತ್ತದೆ. ಗೋಲಿನ ಮುಂದಿನ ನೆಲ ಬೋಳಾಗುವುದೂ ಇದರಿಂದಲೇ, ಏಕೆಂದರೆ ಗೋಲ್‌ಕೀಪರ್ ಪಂದ್ಯವಿಡೀ ಅದೇ ನಾಲ್ಕು ಹೆಜ್ಜೆಯ ಜಾಗದಲ್ಲಿ ಕಾಲೂರುತ್ತಾನೆ.

ಪಂದ್ಯ ಮುಗಿದ ಮೇಲೆ ಜನ ಚದುರಿದಾಗ ನಡೆಯುವ ಕೆಲಸವನ್ನು ಈ ದೃಶ್ಯದಲ್ಲಿ ನೋಡಬಹುದು. ಮೈದಾನದ ಸಿಬ್ಬಂದಿಯೊಬ್ಬರು ಕವೆಗೋಲಿನಂಥ ಸಲಕರಣೆಯನ್ನು ಗುಳಿಬಿದ್ದ ಜಾಗದ ಅಂಚಿಗೆ ಚುಚ್ಚಿ, ಹಿಡಿಯನ್ನು ಮೆಲ್ಲಗೆ ಹಿಂದಕ್ಕೆ ಒತ್ತಿ, ತಗ್ಗಿದ ಮಣ್ಣನ್ನು ಮೇಲಕ್ಕೆತ್ತುತ್ತಾರೆ. ಕಿತ್ತುಬಂದ ಹುಲ್ಲಿನ ಹೆಂಟೆಯನ್ನು ಅದೇ ಗುಳಿಯಲ್ಲಿ ಕೂರಿಸಿ, ಪಾದದಿಂದ ಅದುಮಿ, ಮುಂದಿನ ಗುಳಿಗೆ ಸಾಗುತ್ತಾರೆ. ಬೇರು ಒಣಗುವ ಮೊದಲೇ ಇದು ಆಗಬೇಕು. ಗ್ಯಾಲರಿಯಿಂದ ಚಂದ ಕಾಣುವ ತಿಳಿ ಮತ್ತು ಕಡುಹಸಿರಿನ ಪಟ್ಟೆಗಳು ಎರಡು ಜಾತಿಯ ಹುಲ್ಲಲ್ಲ; ಕತ್ತರಿಸುವ ಯಂತ್ರದ ಉರುಳೆ ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ಹುಲ್ಲನ್ನು ಬಾಗಿಸುವುದರಿಂದ ಬೆಳಕು ಬೇರೆ ಬೇರೆಯಾಗಿ ಪ್ರತಿಫಲಿಸುತ್ತದೆ, ಅಷ್ಟೇ.

ಅಂಕಣವನ್ನು ಉತ್ತರ–ದಕ್ಷಿಣವಾಗಿ ಹಾಸಿರುವುದು ಇಳಿಬಿಸಿಲು ಗೋಲ್‌ಕೀಪರ್‌ಗಳ ಕಣ್ಣಿಗೆ ನೇರವಾಗಿ ಹೊಡೆಯದಿರಲೆಂದು. ಮುಖ್ಯ ಗ್ಯಾಲರಿ ಪಶ್ಚಿಮಕ್ಕಿದ್ದರೆ ಮಧ್ಯಾಹ್ನದ ಸೂರ್ಯ ಪ್ರೇಕ್ಷಕರ ಬೆನ್ನಿಗಿರುತ್ತಾನೆ. ಆದರೆ ಗ್ಯಾಲರಿಯ ವಿಷಯದಲ್ಲಿ ನೆರಳಿಗಿಂತ ಮುಖ್ಯವಾದದ್ದು ಹೊರದಾರಿ. 1985ರ ಮೇ 11ರಂದು ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಮರದ ಗ್ಯಾಲರಿಯ ಕೆಳಗೆ ವರ್ಷಗಳಿಂದ ಬಿದ್ದಿದ್ದ ಕಸಕ್ಕೆ ಬೆಂಕಿ ತಗುಲಿ, ಕೆಲವೇ ನಿಮಿಷಗಳಲ್ಲಿ ಗ್ಯಾಲರಿಯೆಲ್ಲ ಉರಿದು 56 ಮಂದಿ ಸತ್ತರು. ಹಿಂಬದಿಯ ಬಾಗಿಲುಗಳ ಕಡೆಗೆ ಓಡಿದ ಹಲವರಿಗೆ ಅವು ಮುಚ್ಚಿದ್ದವು. ಮುಂದೆ ಎತ್ತರದ ಬೇಲಿ ಇಲ್ಲದ ಕಾರಣ ಅಂಕಣಕ್ಕೆ ಇಳಿದವರು ಉಳಿದರು. ಸಮುದಾಯದ ಸಂಕೀರ್ಣಗಳಲ್ಲಿ ಗ್ಯಾಲರಿಯ ಕೆಳಗಿನ ಜಾಗ ಬಹುಬೇಗ ಹಳೆಯ ಬಲೆ, ಬಣ್ಣದ ಡಬ್ಬಿ, ಮುರಿದ ಕುರ್ಚಿಗಳ ಉಗ್ರಾಣವಾಗಿಬಿಡುತ್ತದೆ. ಪಂದ್ಯದ ಹೊತ್ತಿನಲ್ಲಿ ಗೇಟುಗಳಿಗೆ ಬೀಗವಿರಬಾರದು, ಗ್ಯಾಲರಿಯ ಕೆಳಗೆ ಕಸವಿರಬಾರದು. ಈ ಎರಡನ್ನು ಪಾಲಿಸಲು ಹೆಚ್ಚಿನ ಖರ್ಚೇನೂ ಇಲ್ಲ.

ಹೊನಲು ಬೆಳಕಿನ ಬಗ್ಗೆ ಒಂದೇ ಮಾತು ಹೇಳುತ್ತೇನೆ. ದೀಪ ಎಷ್ಟು ಪ್ರಖರವಾಗಿದೆ ಎನ್ನುವುದಕ್ಕಿಂತ ಬೆಳಕು ಎಲ್ಲೆಡೆ ಸಮನಾಗಿ ಹರಡಿದೆಯೇ ಎಂದು ನೋಡಿ. ಕತ್ತಲ ಮೂಲೆಯೊಂದಿದ್ದರೆ ಎತ್ತರದಿಂದ ಬರುವ ಚೆಂಡು ಅಲ್ಲಿ ಕಣ್ತಪ್ಪುತ್ತದೆ.

ಕೊನೆಯದಾಗಿ, ನನ್ನ ಮನಸ್ಸಿನಲ್ಲಿರುವ ಒಂದು ಬೇಡಿಕೆ. ಹುಲ್ಲನ್ನು ಕಾಪಾಡುವ ಹೆಸರಿನಲ್ಲಿ ಮುಖ್ಯ ಕ್ರೀಡಾಂಗಣವನ್ನು ಹಿರಿಯರ ತಂಡಗಳಿಗಷ್ಟೇ ಮೀಸಲಿಟ್ಟು, ಮಕ್ಕಳನ್ನು ಬೇಲಿಯಾಚೆ ನಿಲ್ಲಿಸುವ ಪದ್ಧತಿ ನನಗೆ ಸರಿಯೆನಿಸುವುದಿಲ್ಲ. ಹನ್ನೆರಡರೊಳಗಿನವರು ತಂಡಕ್ಕೆ ಒಂಬತ್ತು ಮಂದಿಯಂತೆ ಆಡುವ ಪಂದ್ಯಕ್ಕೆ ಸುಮಾರು 73 ಮೀಟರ್ ಉದ್ದ, 46 ಮೀಟರ್ ಅಗಲ ಸಾಕು. ಅಷ್ಟು ಅಂಕಣವನ್ನು ದೊಡ್ಡ ಅಂಕಣದ ಒಳಗೇ ಗುರುತಿಸಿ ಚಿಕ್ಕ ಗೋಲುಗಳನ್ನು ತಂದು ನಿಲ್ಲಿಸಿದರೆ, ಸವೆದ ಗೋಲ್ ಮುಂಭಾಗಗಳ ಮೇಲೆ ಮಕ್ಕಳ ಕಾಲೇ ಬೀಳುವುದಿಲ್ಲ. ಹಗುರ ಮೈಯ ಮಕ್ಕಳು ಒಂದು ಮಧ್ಯಾಹ್ನ ಆಡಿದ್ದನ್ನು ಚೆನ್ನಾಗಿ ಬೇರೂರಿದ ಹುಲ್ಲು ಸುಲಭವಾಗಿ ತಾಳಿಕೊಳ್ಳುತ್ತದೆ. ನಿಮ್ಮ ಮಕ್ಕಳು ಇಂಥ ಸಂಕೀರ್ಣದಲ್ಲಿ ಆಡುತ್ತಿದ್ದರೆ, ಹುಡುಗಿಯರ ಮತ್ತು ಹುಡುಗರ ಫೈನಲ್ ಪಂದ್ಯಗಳನ್ನು ಮುಖ್ಯ ಕ್ರೀಡಾಂಗಣದಲ್ಲೇ ನಡೆಸುವಂತೆ ಋತುವಿನ ವೇಳಾಪಟ್ಟಿ ಸಿದ್ಧವಾಗುವ ಮೊದಲೇ ನಿರ್ವಾಹಕರಲ್ಲಿ ಲಿಖಿತವಾಗಿ ಕೇಳಿಕೊಳ್ಳಿ.