ಗುಡ್ಡ ಏರುವ ಮುನ್ನ ಆಳು ಎಣಿಸಿ

ಎಲ್ಲರಿಗೂ ನಮಸ್ಕಾರ.

ಏರು ಅಂದರೆ ಏನೆಂದು ಚಿತ್ರದುರ್ಗದವರಿಗೆ ಹೇಳಿಕೊಡಬೇಕಿಲ್ಲ. ಜೋಗಿಮಟ್ಟಿ ರಸ್ತೆಯಲ್ಲಿ ಸೈಕಲ್ ತುಳಿದು ಏದುಸಿರು ಬಿಟ್ಟವರು ಈ ಸಭೆಯಲ್ಲೇ ಇರಬಹುದು. ಅದಕ್ಕೇ ಏನೋ, ಫ್ರಾನ್ಸಿನ ಮೂರು ವಾರದ ಸೈಕಲ್ ಓಟ ಟೂರ್ ಡಿ ಫ್ರಾನ್ಸ್ ನೋಡುವಾಗ ‘ಕಾಲಲ್ಲಿ ಕಸುವಿದ್ದವನು ಗೆಲ್ಲುತ್ತಾನೆ ಬಿಡಿ’ ಎಂಬ ಮಾತು ನಮ್ಮ ಬಾಯಿಗೆ ಬೇಗ ಬರುತ್ತದೆ. ಅದು ಅರ್ಧ ನಿಜ. ಉಳಿದರ್ಧ ಎರಡು ಏರುಗಳ ನಡುವಿನ ರಸ್ತೆಯಲ್ಲಿದೆ. ಅಲ್ಲಿ ಯಾರ ಕಡೆ ಎಷ್ಟು ಜನ ಉಳಿದಿದ್ದಾರೆ ಎಂದು ಎಣಿಸದೆ ಘಾಟಿ ಹಂತದ, ಅಂದರೆ ಬೆಟ್ಟದ ದಾರಿಯ ಒಂದು ದಿನದ ಓಟದ, ಭವಿಷ್ಯ ಹೇಳಲು ಹೋಗಬಾರದು.

ಮೊದಲು ಗಾಳಿಯ ಲೆಕ್ಕ. 65 ಕೆ.ಜಿ.ಯ ಸವಾರ, ಸೈಕಲ್ಲು, ನೀರು, ಬಟ್ಟೆ ಸೇರಿ ಸುಮಾರು 73 ಕೆ.ಜಿ. ಅಂದುಕೊಳ್ಳಿ. ನಿಯಮದ ಪ್ರಕಾರ ಸೈಕಲ್ಲೇ 6.8 ಕೆ.ಜಿ.ಗಿಂತ ಹಗುರ ಇರುವಂತಿಲ್ಲ. ಶೇ. 8ರ ಏರಿನಲ್ಲಿ ಆತ ತನ್ನ ತೂಕದ ಪ್ರತಿ ಕೆ.ಜಿ.ಗೆ 6 ವಾಟ್, ಅಂದರೆ 390 ವಾಟ್ ತುಳಿದರೆ ವೇಗ ಗಂಟೆಗೆ ಸುಮಾರು 21 ಕಿ.ಮೀ. ಅದರಲ್ಲಿ ಗಾಳಿ ತಿನ್ನುವುದು ಹತ್ತರಲ್ಲೊಂದು ಪಾಲು. ಮಿಕ್ಕಿದ್ದು ಬಹುಪಾಲು ಭಾರ ಎತ್ತುವುದಕ್ಕೇ ಹೋಗುತ್ತದೆ. ಏರು ಶೇ. 4ಕ್ಕೆ ಇಳಿದು ವೇಗ 30ಕ್ಕೆ ಹೋಯಿತೋ, ಗಾಳಿಯ ಪಾಲು ಕಾಲುಭಾಗ ದಾಟುತ್ತದೆ. ಕಡಿದಾದ ಕಡೆ ಒಬ್ಬಂಟಿಯಾಗಿ ಹೋದರೂ ನಡೆಯುತ್ತದೆ. ಸಪಾಟಾದ ಕಡೆ ಮುಂದೊಬ್ಬ ಗಾಳಿ ಸೀಳುವವನು ಬೇಕೇ ಬೇಕು. ಅವನನ್ನು ಫ್ರೆಂಚರು ‘ಡೊಮೆಸ್ಟೀಕ್’ ಅನ್ನುತ್ತಾರೆ. ಅಪ್ಪಟ ಕನ್ನಡದಲ್ಲಿ ಮನೆಯಾಳು.

ಈ ಲೆಕ್ಕ ಇಟಲಿಯ ಮೂರು ವಾರದ ಓಟವಾದ ಜಿರೋ ದ’ಇಟಾಲಿಯಾದಲ್ಲಿ, 2025ರ 20ನೇ ಹಂತದಲ್ಲಿ ಕಣ್ಣಿಗೆ ಕಟ್ಟುವಂತೆ ಕಂಡಿತು. ಒಟ್ಟು ಸಮಯದಲ್ಲಿ ಮುಂದಿರುವವನು ತೊಡುವ ಗುಲಾಬಿ ಜೆರ್ಸಿ ಇಸಾಕ್ ಡೆಲ್ ಟೋರೊ ಮೈಮೇಲಿತ್ತು. ರಿಚರ್ಡ್ ಕರಪಾಸ್ 43 ಸೆಕೆಂಡು ಹಿಂದೆ, ಸೈಮನ್ ಯೇಟ್ಸ್ 1 ನಿಮಿಷ 21 ಸೆಕೆಂಡು ಹಿಂದೆ. ದಾರಿಯಲ್ಲಿ ಕೊಲ್ಲೆ ದೆಲ್ಲೆ ಫಿನೆಸ್ತ್ರೆ ಎಂಬ ಘಾಟಿ: 18.5 ಕಿ.ಮೀ., ಸರಾಸರಿ ಶೇ. 9ಕ್ಕೂ ಮೇಲೆ, ಕೊನೆಯ 8 ಕಿ.ಮೀ. ಜಲ್ಲಿ ರಸ್ತೆ. ಯೇಟ್ಸ್ ಏರಿನಲ್ಲೇ ಮುಂದೆ ಹೋದ. ಹಿಂದಿನ ಇಬ್ಬರೂ ‘ನೀನೇ ಅಟ್ಟು’, ‘ಇಲ್ಲ, ನೀನೇ’ ಎಂಬಂತೆ ಮುಖ ಮುಖ ನೋಡುತ್ತ ಉಳಿದರು. ಇಷ್ಟನ್ನು ಎಲ್ಲರೂ ನೋಡಿದರು. ಆದರೆ ಯೇಟ್ಸ್ ತಂಡದ ವೌಟ್ ವಾನ್ ಆರ್ಟ್ ಆ ದಿನ ಮೊದಲೇ ಮುನ್ನುಗ್ಗಿದ ಗುಂಪು ಸೇರಿಕೊಂಡು, ಫಿನೆಸ್ತ್ರೆ ದಾಟಿ, ಆಚೆ ಕಾಯುತ್ತಿದ್ದ. ವಾನ್ ಆರ್ಟ್ ಘಾಟಿ ಹುಲಿಯಲ್ಲ, ದಪ್ಪ ಎಂಜಿನ್ನಿನ ಆಳು. ಹಂತ ಮುಗಿಯುವ ಊರಾದ ಸೆಸ್ತ್ರಿಯೆರೆಗೆ ಹೋಗುವ ಸೌಮ್ಯ ಏರಿಗೆ ಬೇಕಾದದ್ದೇ ಅಂಥವನು. ಯೇಟ್ಸ್ ಅವನ ಬೆನ್ನಿಗೇ ಅಂಟಿಕೊಂಡು ಚಕ್ರ ಹಿಡಿದ, ಅಂತರ ಬೆಳೆಯುತ್ತಲೇ ಹೋಯಿತು. ಡೆಲ್ ಟೋರೊ ಆ ಒಂದೇ ದಿನ 5 ನಿಮಿಷಕ್ಕೂ ಹೆಚ್ಚು ಕಳೆದುಕೊಂಡ. ಅಂದಹಾಗೆ, 2018ರಲ್ಲಿ ಇದೇ ಯೇಟ್ಸ್ ಇದೇ ಘಾಟಿಯಲ್ಲಿ ಗುಲಾಬಿ ಜೆರ್ಸಿ ಕಳೆದುಕೊಂಡಿದ್ದ. ಅಂದು ಕ್ರಿಸ್ ಫ್ರೂಮ್ ಸುಮಾರು 80 ಕಿ.ಮೀ. ಒಂಟಿಯಾಗಿ ಹೋಗಿದ್ದ.

ಆಳಿನ ಎಣಿಕೆ ಇನ್ನೊಂದು ರೀತಿಯಲ್ಲೂ ಕೆಲಸ ಮಾಡುತ್ತದೆ. 2022ರ ಟೂರ್, 11ನೇ ಹಂತ. ದೊಡ್ಡ ಓಟಗಳಲ್ಲಿ ತಂಡಕ್ಕೆ 8 ಜನ. ಆಗ ಮುನ್ನಡೆಯಲ್ಲಿದ್ದ ತದೆಯ್ ಪೊಗಾಚಾರ್ ತಂಡದ ಇಬ್ಬರು ಕೋವಿಡ್ ಕಾರಣಕ್ಕೆ ಅಷ್ಟರಲ್ಲೇ ಮನೆಗೆ ಹೋಗಿದ್ದರು. ಗಾಲಿಬಿಯೆ ಏರಿನಲ್ಲಿ ಎದುರಾಳಿ ತಂಡದ ರೋಗ್ಲಿಚ್ ಒಮ್ಮೆ, ಅದೇ ತಂಡದ ವಿಂಗೆಗೋರ್ ಒಮ್ಮೆ, ಸರದಿ ಮೇಲೆ ದಾಳಿ, ಅಂದರೆ ಒಮ್ಮೆಲೇ ವೇಗ ಏರಿಸಿ ಮುನ್ನುಗ್ಗುವುದು. ಪ್ರತಿಸಲವೂ ಪೊಗಾಚಾರ್ ತಾನೇ ಎದ್ದು ಅಟ್ಟಬೇಕಾಯಿತು. ಗಾಲಿಬಿಯೆಯಲ್ಲಿ ಯಾರೂ ಅವನನ್ನು ಹಿಂದೆ ಬೀಳಿಸಲಿಲ್ಲ, ಬೀಳಿಸುವುದು ಅಲ್ಲಿನ ಉದ್ದೇಶವೂ ಆಗಿರಲಿಲ್ಲ. ಸಾಲದ ಚೀಟಿ ಬಂದದ್ದು ಮುಂದಿನ ಗ್ರಾನೋನ್ ಏರಿನಲ್ಲಿ: 11.3 ಕಿ.ಮೀ., ಶೇ. 9.2. ಅಲ್ಲಿ ವಿಂಗೆಗೋರ್‌ಗೆ 2 ನಿಮಿಷ 51 ಸೆಕೆಂಡು ಬಿಟ್ಟುಕೊಟ್ಟ. ವೀಕ್ಷಕ ವಿವರಣೆಕಾರರು ಪ್ರತಿ ದಾಳಿಗೂ ಕೂಗಾಡುತ್ತಾರೆ. ನಾವು ‘ಇದಕ್ಕೆ ಉತ್ತರ ಕೊಟ್ಟವನು ನಾಯಕನೋ, ಆಳೋ’ ಎಂದಷ್ಟೇ ಗುರುತು ಹಾಕಿಕೊಂಡರೆ ಸಾಕು.

ನಡುವಿನ ಬಯಲಲ್ಲಿ ಇನ್ನೊಂದು ಕೆಲಸ ನಡೆಯುತ್ತದೆ, ಊಟ. ಗಂಟೆಗೆ 90ರಿಂದ 120 ಗ್ರಾಂ ಕಾರ್ಬೋಹೈಡ್ರೇಟ್, ಹೆಚ್ಚಿನದು ಜೆಲ್ಲು ಮತ್ತು ಬಾಟಲಿಯ ಸಕ್ಕರೆ ನೀರಿನ ರೂಪದಲ್ಲಿ. ಏರಿನಲ್ಲಿ ಉಸಿರು ಮೇಲಿಂದ ಮೇಲೆ ಬರುವಾಗ ನುಂಗುವುದು ಕಷ್ಟ. ತಿನ್ನಲು ಸುಲಭ ಇಳಿಜಾರು ಮುಗಿದ ಮೇಲೆ. ಅಲ್ಲೇ ಯಾರೋ ದಾಳಿ ಮಾಡಿದರೆ ತುತ್ತು ತಪ್ಪಿತು. ಅದರ ಪರಿಣಾಮ ಆಗಲೇ ಕಾಣುವುದಿಲ್ಲ, ತಡವಾಗಿ ಕೊನೆಯ ಏರಿನಲ್ಲಿ ಕಾಲು ಬರಿದಾದಾಗ ಕಾಣುತ್ತದೆ. ಮಂಡಕ್ಕಿ ಮೆಣಸಿನಕಾಯಿ ತಿಂದು ಟಿ.ವಿ. ನೋಡುವ ನಮಗೆ ಈ ಸಂಕಟ ಅರ್ಥವಾಗುವುದು ಕಷ್ಟ. ತುದಿಯಲ್ಲಿ ಜಾಕೆಟ್ ಹಾಕಿಕೊಳ್ಳದಿದ್ದರೂ ಇದೇ ಕಥೆ: ಬೆವರಿದ ಮೈಗೆ 70–80 ಕಿ.ಮೀ. ವೇಗದ ತಣ್ಣನೆ ಗಾಳಿ ಬಡಿದು ಸ್ನಾಯು ಸೆಟೆದುಕೊಳ್ಳುತ್ತದೆ. ತೂಕದ ಮಾತು: 40 ನಿಮಿಷದ ಏರಿನಲ್ಲಿ ಒಂದು ಕೆ.ಜಿ. ಹೆಚ್ಚಾದರೆ ಅರ್ಧ ನಿಮಿಷದಷ್ಟು ನಷ್ಟ. ತುಂಬಿದ ಎರಡು ಬಾಟಲಿ ಹೊತ್ತು ಕೊನೆಯ ಏರಿಗೆ ಯಾಕೆ ಹೋಗುವುದಿಲ್ಲ ಎಂಬುದಕ್ಕೆ ಇದೇ ಉತ್ತರ.

ಮುಂದೆ ಹೋದ ಗುಂಪು ಉಳಿಯುತ್ತದೆಯೇ? ಕೊನೆಯ ಏರಿನ ಬುಡದಲ್ಲಿ ಅಂತರ ನೋಡಿ. ಮುಂದಿನವರದು 18.5 ಕಿ.ಮೀ. ವೇಗ, ಹಿಂದಿನಿಂದ ಅಟ್ಟಿ ಬರುವ ತಂಡದ ನಾಯಕರದು 21.5 ಎಂದರೆ ಕಿಲೋಮೀಟರಿಗೆ 27 ಸೆಕೆಂಡು ಕರಗುತ್ತದೆ. ಹತ್ತು ಕಿ.ಮೀ. ಏರಿಗೆ ನಾಲ್ಕೂವರೆ ನಿಮಿಷ. ಬುಡದಲ್ಲಿ ಅಂತರ ಆರು ನಿಮಿಷ ಇದ್ದರೆ ಮುಂದಿನವರ ಮೇಲೆ ಪಂಥ ಕಟ್ಟಬಹುದು, ಮೂರಿದ್ದರೆ ಬೇಡ. ಇದರ ಜೊತೆಗೆ ಗಾಳಿಯ ದಿಕ್ಕು. ನಮ್ಮೂರ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ಕೆಳಗೆ ಸೈಕಲ್ ಹೊಡೆದವರಿಗೆ ಗೊತ್ತು, ಎದುರುಗಾಳಿಯಲ್ಲಿ ಮುಂದೆ ಹೋದವನೇ ದಡ್ಡ. ಅಂಥ ದಿನ ದಾಳಿ ಕೊನೆಯ ಒಂದೆರಡು ಕಿ.ಮೀ.ವರೆಗೆ ಬರುವುದೇ ಇಲ್ಲ.

ಜುಲೈನಲ್ಲಿ ನಮ್ಮ ಗಡಿಯಾರದ ರಾತ್ರಿ ಎಂಟೂವರೆ–ಒಂಬತ್ತರ ಹೊತ್ತಿಗೆ ಹಂತದ ಕೊನೆ ಬರುತ್ತದೆ. ಆಗ ನಾಯಕನ ಮುಖ ಬಿಟ್ಟು ಅವನ ಮುಂದಿನವನ ಭುಜ ನೋಡಿ. ಭುಜ ಅತ್ತಿತ್ತ ತೂಗತೊಡಗಿದರೆ ಆಳಿಗೆ ಇನ್ನೊಂದೆರಡು ನಿಮಿಷ ಆಯುಸ್ಸು. ಅವನು ಪಕ್ಕಕ್ಕೆ ಸರಿದು, ಸೈಕಲ್ ನಿಂತೇಹೋಯಿತೇನೋ ಎಂಬಂತೆ ಹಿಂದೆ ಬೀಳುವ ಕ್ಷಣದಲ್ಲಿ ಪರದೆಯ ಮೂಲೆಯ ಸಂಖ್ಯೆ ಓದಿ. ಎರಡು ಕಿ.ಮೀ. ಉಳಿದಿದ್ದರೆ ಯೋಜನೆ ಸರಿಯಾಗಿದೆ. ಏಳು ಉಳಿದಿದ್ದರೆ, ಎದುರಾಳಿ ಆಗಲೇ ಗೇರ್ ಬದಲಿಸುತ್ತಿರುತ್ತಾನೆ.