ಹತ್ತು ಸಾವಿರ ಹೆಜ್ಜೆ ಬೇಡ, ನಾನೂರು ಮೀಟರ್ ನಡೆಯುವ ಶಕ್ತಿ ಉಳಿದರೆ ಸಾಕು

ಎಲ್ಲರಿಗೂ ನಮಸ್ಕಾರ.

ಹಿರಿಯರೇ, ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಬೇಕು ಅನ್ನುವ ಲೆಕ್ಕವನ್ನು ದಯವಿಟ್ಟು ತಲೆಯಿಂದ ತೆಗೆದುಹಾಕಿ. ಅದು ಯಾವ ಡಾಕ್ಟರೂ ಬರೆದುಕೊಟ್ಟದ್ದಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರವನ್ನು ಮಾರುಕಟ್ಟೆಗೆ ತಂದಾಗ ಅದರ ಹೆಸರಿನಲ್ಲೇ ಈ ಸಂಖ್ಯೆ ಇತ್ತು. ಅಲ್ಲಿಂದ ಊರೆಲ್ಲ ಹಬ್ಬಿತು. ಈಗ ಮಕ್ಕಳು ಕೈಗೆ ವಾಚ್ ಕಟ್ಟಿ ಕಳಿಸುತ್ತಾರೆ, ಸಂಜೆ ನೋಡಿದರೆ ಮೂರು ಸಾವಿರವೂ ಆಗಿರುವುದಿಲ್ಲ, "ನಮ್ಮ ಕೈಲಿ ಆಗಲ್ಲಪ್ಪ" ಎಂದು ಎಷ್ಟೋ ಹಿರಿಯರು ಮಾರನೇ ದಿನದಿಂದ ನಡೆಯುವುದನ್ನೇ ಬಿಟ್ಟುಬಿಡುತ್ತಾರೆ. ನನಗೆ ಸಂಕಟ ಆಗುವುದು ಇದಕ್ಕೇ.

ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಐ-ಮಿನ್ ಲೀ ಮತ್ತು ಜೊತೆಯವರು ಅಮೆರಿಕದ ಸುಮಾರು 17 ಸಾವಿರ ಹಿರಿಯ ಹೆಂಗಸರ ನಡಿಗೆಯನ್ನು ಅಳೆದು 2019ರಲ್ಲಿ ಪ್ರಕಟಿಸಿದರು. ಸರಾಸರಿ ವಯಸ್ಸು 72. ದಿನಕ್ಕೆ 2,700 ಹೆಜ್ಜೆ ಹಾಕುವವರಿಗಿಂತ 4,400 ಹೆಜ್ಜೆ ಹಾಕುವವರಲ್ಲಿ ಸಾವಿನ ಪ್ರಮಾಣ ಶೇ. 41ರಷ್ಟು ಕಡಿಮೆ ಇತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ.

ಆರೋಗ್ಯ ಚೆನ್ನಾಗಿರುವವರೇ ಜಾಸ್ತಿ ನಡೆಯುತ್ತಾರೆ ಅಲ್ವಾ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅದಕ್ಕೇ ನನಗೆ ಇನ್ನೊಂದು ಅಧ್ಯಯನ ಮುಖ್ಯ, 2014ರದ್ದು, ಅದೂ ಅಮೆರಿಕದ್ದೇ. 70ರಿಂದ 89 ವಯಸ್ಸಿನ 1,635 ಜನ, ಎಲ್ಲರೂ ಹೆಚ್ಚು ಓಡಾಡದೆ ಮನೆಯಲ್ಲೇ ಕೂತಿರುತ್ತಿದ್ದವರು. ಗಟ್ಟಿಮುಟ್ಟಾದವರೆಲ್ಲ ಒಂದೇ ಕಡೆ ಸೇರದಂತೆ, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನಡಿಗೆ, ಜೊತೆಗೆ ಕಾಲಿಗೆ ಬಲ ಬರುವ, ಆಯ ತಪ್ಪದಂತೆ ನಿಲ್ಲುವ ವ್ಯಾಯಾಮ. ಇನ್ನೊಂದು ಗುಂಪಿಗೆ ಆರೋಗ್ಯದ ಪಾಠ. ಎರಡೂವರೆ ವರ್ಷ ದಾಟಿದ ಮೇಲೆ ನೋಡಿದರೆ, 400 ಮೀಟರ್ ನಡೆಯುವ ಶಕ್ತಿ ಕಳೆದುಕೊಂಡವರು ಪಾಠದ ಗುಂಪಿನಲ್ಲಿ ಶೇ. 35, ನಡಿಗೆಯ ಗುಂಪಿನಲ್ಲಿ ಶೇ. 30.

ಐದೇ ಅಂಕ ತಾನೇ ಅನ್ನಬೇಡಿ. ನಾನೂರು ಮೀಟರ್ ಅಂದರೆ ಏನು ಯೋಚಿಸಿ. ಬಸ್ ಸ್ಟಾಪಿಗೆ ಹೋಗುವುದು. ಹಾಲು ತರುವುದು. ದೇವಸ್ಥಾನಕ್ಕೆ ಒಬ್ಬರೇ ಹೋಗಿಬರುವುದು, ಪಿಂಚಣಿಗೆಂದು ಬ್ಯಾಂಕಿಗೆ ಹೋಗಲು ಯಾರನ್ನೂ ಕಾಯದೆ ಇರುವುದು. ನೂರು ವರ್ಷ ಬದುಕುವುದಕ್ಕಿಂತ ಇದು ದೊಡ್ಡದು ಎಂದು ನಾನು ನಂಬಿದ್ದೇನೆ.

ಹೇಗೆ ಶುರು ಮಾಡುವುದು? ಊಟ ಆದಮೇಲೆ ಹತ್ತು ಹದಿನೈದು ನಿಮಿಷ ನಿಧಾನವಾಗಿ ನಡೆಯಿರಿ, ಮನೆಯ ಅಂಗಳದಲ್ಲಾದರೂ ಸರಿ. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಹಾಗಾಗಿ ಊಟದ ನಂತರ ಶುಗರ್ ಜೋರಾಗಿ ಏರುವುದಿಲ್ಲ. ಅನ್ನ, ಮುದ್ದೆ ತಿನ್ನುವ ನಮಗಂತೂ ಇದು ಬಹಳ ಒಳ್ಳೆಯದು. ರೂಢಿಯಾದ ಮೇಲೆ, ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಬಂದರೆ ಸಾಕು. ನಡಿಗೆಯೊಂದರಿಂದಲೇ ತೊಡೆಗೆ ಪೂರ್ತಿ ಬಲ ಬರುವುದಿಲ್ಲ, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನೂ ಅಭ್ಯಾಸ ಮಾಡಿ. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿ ಹಿಡಿಯುವ ಶೂ ಹಾಕಿಕೊಳ್ಳಿ. ಕತ್ತಲಲ್ಲಿ ಹೊರಡಬೇಡಿ, ನಮ್ಮ ಫುಟ್‌ಪಾತಿನ ಎದ್ದ ಕಲ್ಲುಗಳು ಬೆಳಕಿದ್ದಾಗಲೇ ಕಾಣುವುದು ಕಷ್ಟ.

ಮಂಡಿ ನೋವಿದೆ ಎಂದು ಪೂರ್ತಿ ಕೂತರೆ ಸ್ನಾಯು ಕರಗಿ ನೋವು ಇನ್ನೂ ಜಾಸ್ತಿಯಾಗುತ್ತದೆ. ಡಾಕ್ಟರನ್ನು ಕೇಳಿ, ಸ್ವಲ್ಪ ಸ್ವಲ್ಪವೇ ನಡೆಯಿರಿ. ಎದೆ ಹಿಡಿದ ಹಾಗಾದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿ, ತಡಮಾಡದೆ ತೋರಿಸಿಕೊಳ್ಳಿ. ಇನ್ಸುಲಿನ್ ತೆಗೆದುಕೊಳ್ಳುವವರು, ಶುಗರ್ ತೀರಾ ಇಳಿದರೆ ಬೇಕಾಗುತ್ತದೆ, ಜೇಬಿನಲ್ಲಿ ಬೆಲ್ಲವೋ ಸಕ್ಕರೆಯೋ ಇಟ್ಟುಕೊಂಡೇ ಹೊರಡಿ.

ಕೊನೆಗೆ, ಇಲ್ಲಿ ಬಂದಿರುವ ಮಕ್ಕಳಿಗೆ, ಸೊಸೆಯರಿಗೆ ಒಂದು ಮಾತು. "ನೀವು ಕೂತ್ಕೊಳ್ಳಿ ಅಮ್ಮ, ನಾನು ತರ್ತೀನಿ" ಎಂದು ಪ್ರೀತಿಯಿಂದಲೇ ಹೇಳುತ್ತೀರಿ, ಗೊತ್ತು. ಆದರೆ ಅಂಗಡಿಗೆ ಹೋಗಿ ಕೊತ್ತಂಬರಿ ಸೊಪ್ಪು ತರುವುದು ಅವರ ಕೆಲಸ ಆಗಿದ್ದರೆ, ದಯವಿಟ್ಟು ಅದನ್ನು ಅವರಿಗೇ ಬಿಡಿ. ಬೇಕಾದರೆ ಜೊತೆಗೆ ಹೋಗಿ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.