ಮನೆಯ ಕಂಪ್ಯೂಟರಿನ ಬಿಸಿ: ಎಷ್ಟಾದರೆ ಸಹಜ, ಎಷ್ಟಾದರೆ ಎಚ್ಚರ

ಕೇಳುಗರೆಲ್ಲರಿಗೂ ನಮಸ್ಕಾರ.

ಚಿತ್ರದುರ್ಗ, ದಾವಣಗೆರೆಯ ಕಡೆ ಮಾರ್ಚ್ ತಿಂಗಳು ಹುಟ್ಟಿತೆಂದರೆ ಕಂಪ್ಯೂಟರ್ ರಿಪೇರಿ ಅಂಗಡಿಗಳಿಗೆ ಒಂದು ಪ್ರಶ್ನೆ ತಪ್ಪದೆ ಬರತೊಡಗುತ್ತದೆ. "ನಮ್ಮ ಪ್ರೊಸೆಸರ್ 80 ಡಿಗ್ರಿ ತೋರಿಸುತ್ತಿದೆ, ಸುಟ್ಟುಹೋಗುವುದಿಲ್ಲವೇ?" ಕೇಳುವವರಿಗೆ ಹೌದು ಅಥವಾ ಇಲ್ಲ ಎಂಬ ಒಂದೇ ಮಾತಿನ ಉತ್ತರ ಬೇಕಾಗಿರುತ್ತದೆ. ಆದರೆ ಆ 80 ಡಿಗ್ರಿ ಯಾವ ಭಾಗದ್ದು, ಅದನ್ನು ನೋಡಿದಾಗ ಯಂತ್ರ ಯಾವ ಕೆಲಸದಲ್ಲಿತ್ತು, ಕೋಣೆಯ ಗಾಳಿಯೇ ಎಷ್ಟು ಕಾದಿತ್ತು ಎಂಬ ಸಂಗತಿಗಳು ಗೊತ್ತಾಗದೆ ಆ ಅಂಕಿಯಿಂದ ಏನನ್ನೂ ತೀರ್ಮಾನಿಸಲಾಗದು. ಇವುಗಳಲ್ಲಿ ಕೊನೆಯದನ್ನು, ಅಂದರೆ ಕೋಣೆಯ ಉಷ್ಣಾಂಶವನ್ನು, ನಮ್ಮಲ್ಲಿ ಬಹುತೇಕ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ ಇಂದಿನ ಮಾತಿನಲ್ಲಿ ಅದಕ್ಕೇ ಹೆಚ್ಚು ಸಮಯ ಕೊಡುತ್ತೇನೆ.

ಮೊದಲು ಪ್ರೊಸೆಸರಿನ, ಅಂದರೆ ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮಾಡುವ ಮುಖ್ಯ ಚಿಪ್‌ನ, ಮಿತಿಯನ್ನು ತಿಳಿಯೋಣ. ಪ್ರತಿಯೊಂದು ಪ್ರೊಸೆಸರಿಗೂ ಅದರ ತಯಾರಕರು ಒಂದು ಗರಿಷ್ಠ ಉಷ್ಣಾಂಶವನ್ನು ಗೊತ್ತುಮಾಡಿರುತ್ತಾರೆ. ಇಂಟೆಲ್ ಕೋರ್ ಐ5-12400ಕ್ಕೆ ಅದು 100 ಡಿಗ್ರಿ ಸೆಲ್ಸಿಯಸ್, ಎಎಂಡಿ ರೈಜನ್ 5 5600ಜಿಗೆ 95 ಡಿಗ್ರಿ. ಈ ಮಿತಿಯನ್ನು ಮುಟ್ಟಿದೊಡನೆ ಪ್ರೊಸೆಸರ್ ಸುಟ್ಟುಹೋಗುವುದಿಲ್ಲ. ಅದು ತಾನಾಗಿಯೇ ವೇಗವನ್ನು ತಗ್ಗಿಸಿಕೊಂಡು ಬಿಸಿಯನ್ನು ಇಳಿಸಲು ನೋಡುತ್ತದೆ. ಹಾಗೆ ಮಾಡಿದರೂ ಬಿಸಿ ಏರುತ್ತಲೇ ಹೋದರೆ ಯಂತ್ರ ತನ್ನಷ್ಟಕ್ಕೆ ಬಂದ್ ಆಗುತ್ತದೆ. ಆದ್ದರಿಂದ ಇತ್ತೀಚಿನ ಪ್ರೊಸೆಸರುಗಳ ವಿಷಯದಲ್ಲಿ ಸುಡುವ ಭಯವನ್ನು ಬಹುಮಟ್ಟಿಗೆ ಬದಿಗಿಡಬಹುದು. ಹಾಗೆಂದು ಸದಾ ಮಿತಿಯ ಅಂಚಿನಲ್ಲೇ ದುಡಿಸಬಹುದೆಂದಲ್ಲ. ದುಡ್ಡು ಕೊಟ್ಟು ಕೊಂಡ ವೇಗ ಕೈಗೆ ಸಿಗುವುದಿಲ್ಲ, ಫ್ಯಾನುಗಳು ಬೇಗ ಸವೆಯುತ್ತವೆ, ಮದರ್‌ಬೋರ್ಡಿನ ಮೇಲಿರುವ, ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರೆಂಬ ಪುಟ್ಟ ಭಾಗಗಳು ಸುತ್ತಲಿನ ಧಗೆಗೆ ಒಣಗುತ್ತವೆ. ಎಲೆಕ್ಟ್ರೊಲಿಟಿಕ್, ಅಂದರೆ ಒಳಗೆ ದ್ರವವಿರುವ, ಕೆಪಾಸಿಟರಿನ ಬಿಸಿ 10 ಡಿಗ್ರಿ ಏರಿದರೆ ಅದರ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಆ ಕ್ಷೇತ್ರದವರು ಬಳಸುವ ಅಂದಾಜು ಲೆಕ್ಕ.

ಇಲ್ಲಿ ಹಳೆಯ ಯಂತ್ರವಿರುವವರಿಗೆ ಒಂದು ಮಾತು. ಕಚೇರಿಗಳಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರುಗಳಲ್ಲಿ ಕೋರ್ ಐ5-2400ರಂಥ, 2011ರ ಕಾಲದ ಪ್ರೊಸೆಸರುಗಳು ಈಗಲೂ ಇರುತ್ತವೆ. ಅದರ ವಿವರಪಟ್ಟಿಯನ್ನು ತೆಗೆದು ನೋಡಿದರೆ ಗರಿಷ್ಠ ಉಷ್ಣಾಂಶ 72.6 ಡಿಗ್ರಿ ಎಂದಿರುತ್ತದೆ. ಪರದೆಯ ಮೇಲೆ 78 ಕಂಡವರು ಇದನ್ನು ಓದಿ ಗಾಬರಿಯಾಗುವುದು ಸಹಜ. ಆದರೆ ಆ 72.6 ಎಂಬುದು ಪ್ರೊಸೆಸರಿನ ಮೇಲಿನ ಲೋಹದ ಮುಚ್ಚಳದ ನಡುಭಾಗದಲ್ಲಿ ಅಳೆಯಬೇಕಾದ ಉಷ್ಣಾಂಶ. ಪರದೆಯ ಮೇಲೆ ಕಾಣುವುದು ಮುಚ್ಚಳದ ಒಳಗಿನ ಸಿಲಿಕಾನ್ ಚಿಪ್‌ನದು. ಒಳಗಿನದರ ಮಿತಿ ಅದಕ್ಕಿಂತ ಸಾಕಷ್ಟು ಮೇಲಿರುವುದರಿಂದ ಈ ಎರಡನ್ನೂ ಒಂದಕ್ಕೊಂದು ಹೋಲಿಸಬಾರದು.

ಇನ್ನು ಕೋಣೆಯ ಗಾಳಿಯ ವಿಷಯ. ಫ್ಯಾನು ಮತ್ತು ಅದರ ಅಡಿಯ ಲೋಹದ ತಗಡುಗಳ ಹೀಟ್ ಸಿಂಕ್ ಸೇರಿ ಮಾಡುವ ಕೆಲಸವೆಂದರೆ ಪ್ರೊಸೆಸರಿನ ಬಿಸಿಯನ್ನು ಸುತ್ತಲಿನ ಗಾಳಿಗೆ ದಾಟಿಸುವುದು. ಒಂದೇ ಕೆಲಸವನ್ನು, ಒಂದೇ ಫ್ಯಾನಿನ ವೇಗದಲ್ಲಿ ಮಾಡುತ್ತಿರುವಾಗ ಪ್ರೊಸೆಸರ್ ಒಳಬರುವ ಗಾಳಿಗಿಂತ ಹೆಚ್ಚುಕಡಿಮೆ ಇಷ್ಟೇ ಡಿಗ್ರಿ ಮೇಲಿರುತ್ತದೆ ಎನ್ನಬಹುದು. ಆ ಅಂತರ 45 ಡಿಗ್ರಿ ಎಂದಿಟ್ಟುಕೊಳ್ಳಿ. ಹವಾನಿಯಂತ್ರಿತ ಕೋಣೆಯಲ್ಲಿ ಗಾಳಿ 22 ಡಿಗ್ರಿ ಇದ್ದಾಗ ಪ್ರೊಸೆಸರ್ 67 ತೋರಿಸುತ್ತದೆ. ಅದೇ ಯಂತ್ರವನ್ನು ಏಪ್ರಿಲ್ ತಿಂಗಳ ಮಧ್ಯಾಹ್ನ ದಾವಣಗೆರೆಯ ಆರ್‌ಸಿಸಿ ಮನೆಯ ಮಹಡಿಯ ಮೇಲಿನ, ಗಾಳಿ 36 ಡಿಗ್ರಿಗೆ ಕಾದ ಕೋಣೆಯಲ್ಲಿ ಚಾಲೂ ಮಾಡಿದರೆ 81 ತೋರಿಸುತ್ತದೆ. ಯಂತ್ರದಲ್ಲಿ ಏನೂ ಕೆಟ್ಟಿಲ್ಲ. ಚಳಿದೇಶದಲ್ಲಿ ಕುಳಿತವರು "70 ದಾಟಿದರೆ ನೋಡಿಕೊಳ್ಳಿ" ಎಂದು ಹೇಳಿದ್ದನ್ನು ಓದಿ ನಾವು ಇಲ್ಲಿ ಕಳವಳಗೊಂಡರೆ, ಬಯಲುಸೀಮೆಯ ಬಿಸಿಲಿನ ತಪ್ಪನ್ನು ಕಂಪ್ಯೂಟರಿನ ಮೇಲೆ ಹೊರಿಸಿದ ಹಾಗಾಗುತ್ತದೆ.

ಆದ್ದರಿಂದ ಬರಿಯ ಅಂಕಿಯನ್ನು ನೋಡುವ ಬದಲು ಅಂತರವನ್ನು ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಗೋಡೆಗೆ ತೂಗುಹಾಕುವ ಸಾಮಾನ್ಯ ಉಷ್ಣಮಾಪಕವೊಂದನ್ನು ಕ್ಯಾಬಿನೆಟ್ಟಿನ ಮುಂಭಾಗದಲ್ಲಿ, ಗಾಳಿ ಒಳಗೆ ಹೋಗುವ ಜಾಗದ ಹತ್ತಿರ ಇಟ್ಟು ಅದರ ಅಂಕಿಯನ್ನು ಗುರುತು ಮಾಡಿಕೊಳ್ಳಿ. ನೀವು ದಿನವೂ ಮಾಡುವ ಅತಿ ಭಾರದ ಕೆಲಸವನ್ನು, ಅದು ಆಟವಾಗಿರಲಿ, ಮದುವೆ ವಿಡಿಯೊದ ಎಡಿಟಿಂಗ್ ಆಗಿರಲಿ, ಇಪ್ಪತ್ತು ನಿಮಿಷ ನಡೆಸಿ ಪ್ರೊಸೆಸರಿನ ಉಷ್ಣಾಂಶವನ್ನು ಬರೆದುಕೊಳ್ಳಿ. ಎರಡರ ವ್ಯತ್ಯಾಸವೇ ನಿಮ್ಮ ಯಂತ್ರದ ಲೆಕ್ಕ. ದೀಪಾವಳಿಯ ಹೊತ್ತಿಗೆ 42 ಇದ್ದ ಅಂತರ ಯುಗಾದಿಯ ಹೊತ್ತಿಗೂ 43 ಇದ್ದರೆ, ಪರದೆಯ ಮೇಲಿನ ಅಂಕಿ ಎಷ್ಟೇ ಏರಿದ್ದರೂ ಚಿಂತೆಯಿಲ್ಲ. ಅದೇ ಅಂತರ 42ರಿಂದ 55ಕ್ಕೆ ಏರಿದ್ದರೆ, ಒಟ್ಟು ಅಂಕಿ 75ರ ಆಸುಪಾಸಿನಲ್ಲೇ ಇದ್ದರೂ, ಒಳಗೆ ಏನೋ ಕೆಡುತ್ತಿದೆ ಎಂದು ತಿಳಿಯಬೇಕು.

ಉಷ್ಣಾಂಶವನ್ನು ನೋಡುವುದು ಹೇಗೆ? ವಿಂಡೋಸ್ ಜೊತೆಗೇ ಬರುವ ಟಾಸ್ಕ್ ಮ್ಯಾನೇಜರಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನ ಉಷ್ಣಾಂಶ ಕಾಣಿಸುವುದಿಲ್ಲ. ಅದಕ್ಕಾಗಿ ಎಚ್‌ಡಬ್ಲ್ಯುಇನ್ಫೊ, ಕೋರ್ ಟೆಂಪ್ ಎಂಬಂಥ ತಂತ್ರಾಂಶಗಳಿವೆ. ವಿಂಡೋಸ್ ತೆರೆಯುವ ಮೊದಲೇ ಸಿಗುವ ಬಯೋಸ್ ಎಂಬ ಸೆಟ್ಟಿಂಗ್ ಪರದೆಯಲ್ಲಿಯೂ ಕಾಣುತ್ತದೆಯಾದರೂ ಅಲ್ಲಿ ಭಾರದ ಕೆಲಸ ಕೊಟ್ಟು ನೋಡಲು ಬರುವುದಿಲ್ಲ. ಈ ತಂತ್ರಾಂಶಗಳು ತೋರಿಸುವುದೆಲ್ಲವೂ ನಿಜವಲ್ಲ ಎಂಬುದೂ ನೆನಪಿರಲಿ. ಮದರ್‌ಬೋರ್ಡಿಗೆ ಜೋಡಿಸದೇ ಇರುವ ಸಂವೇದಕದ ಹೆಸರಿನ ಮುಂದೆ ಕೆಲವೊಮ್ಮೆ 127 ಡಿಗ್ರಿ ಎಂದು ಬಂದು, ಅಲುಗಾಡದೆ ನಿಂತಿರುತ್ತದೆ, ಅದನ್ನು ಅಲಕ್ಷಿಸಬಹುದು. ಇದರ ತಿರುವುಮುರುವೂ ಉಂಟು. ಫ್ಯಾನಿನ ಗಾಳಿಯಿಂದ ತಣಿಯುವ ಯಾವ ಭಾಗವೂ ಆ ಗಾಳಿಗಿಂತ ತಣ್ಣಗಿರಲು ಸಾಧ್ಯವಿಲ್ಲವಾದ್ದರಿಂದ, 35 ಡಿಗ್ರಿಯ ಕೋಣೆಯಲ್ಲಿ ಪ್ರೊಸೆಸರ್ 24 ಎಂದು ತೋರಿಸಿದರೆ ಸಂತೋಷಪಡುವ ಕಾರಣವಿಲ್ಲ. ಆ ಅಂಕಿ ಸುಳ್ಳು.

ಅಂತರ ಏರಲು ನಮ್ಮ ಕಡೆ ಮೊದಲ ಕಾರಣ ಧೂಳು. ಹತ್ತಿಯ ಎಳೆ, ಬಯಲಿನ ಕೆಂಧೂಳಿ, ಮಂಡಕ್ಕಿ ಭಟ್ಟಿಗಳ ಹತ್ತಿರದ ಬೀದಿಗಳಲ್ಲಿ ಹೊಗೆಯ ಮಸಿ, ಇವೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ದಾವಣಗೆರೆಯಲ್ಲಿ ಭಟ್ಟಿಗಳಿಗೆ ಸಮೀಪದ ಒಂದು ಮನೆಯ ಕಂಪ್ಯೂಟರನ್ನು ನಾನು ಬಿಚ್ಚಿ ನೋಡಿದ್ದೇನೆ. ಮೇಲಿನಿಂದ ನೋಡಿದರೆ ಫ್ಯಾನು ಸಲೀಸಾಗಿ ತಿರುಗುತ್ತಿತ್ತು, ರೆಕ್ಕೆಗಳ ಅಂಚಿಗೆ ಮಾತ್ರ ಸ್ವಲ್ಪ ಕಪ್ಪು ಹತ್ತಿತ್ತು. ಫ್ಯಾನನ್ನು ಅದರ ಚೌಕಟ್ಟಿನಿಂದ ಬಿಡಿಸಿ ಎತ್ತಿದಾಗ ಅದರ ಅಡಿಯಲ್ಲಿ, ಅಲ್ಯೂಮಿನಿಯಂ ತಗಡುಗಳ ಮೇಲೆ, ಚಳ್ಳಕೆರೆಯ ಕಂಬಳಿಯನ್ನೇ ದುಂಡಗೆ ಕತ್ತರಿಸಿ ಹೊದಿಸಿದಂತೆ ಬೂದುಬಣ್ಣದ ದಪ್ಪ ಪದರವಿತ್ತು. ಬಣ್ಣ ಬಳಿಯುವ ಬ್ರಷ್ಷಿನ ತುದಿಯಿಂದ ಒಂದು ಮಗ್ಗುಲು ಎಬ್ಬಿಸಿದರೆ ಇಡಿಯಾಗಿ ಮೇಲೆದ್ದು ಬಂತು. ಗಾಳಿ ಅದರ ಮೇಲೆ ಬಡಿದು ಹಿಂದಿರುಗುತ್ತಿತ್ತೇ ಹೊರತು ತಗಡುಗಳ ನಡುವೆ ಇಳಿಯುತ್ತಿರಲಿಲ್ಲ. ಅದನ್ನು ತೆಗೆದು, ಪ್ರೊಸೆಸರಿಗೂ ಹೀಟ್ ಸಿಂಕಿಗೂ ನಡುವೆ ಬಿಸಿ ದಾಟಿಸಲು ಹಚ್ಚಿದ್ದ, ಒಣಗಿ ಬಿರುಕುಬಿಟ್ಟಿದ್ದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿದ ಮೇಲೆ, ಅದೇ ಕೆಲಸಕ್ಕೆ 93ರ ಹತ್ತಿರ ಹೋಗುತ್ತಿದ್ದ ಪ್ರೊಸೆಸರ್ 72ರ ಸುಮಾರಿಗೆ ನಿಂತಿತು.

ಬ್ಲೋವರ್ ಹಿಡಿದು ಧೂಳು ಊದುವವರು ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದಿರಬೇಕು. ಇಲ್ಲವಾದರೆ ಅದು ವಿಪರೀತ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಕರೆಂಟಿನ ತಂತಿಯನ್ನು ಮೊದಲೇ ಕೀಳಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು, ಅಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟು ಒದಗಿಸುವ ಪೆಟ್ಟಿಗೆಯನ್ನು, ಮಾತ್ರ ಮನೆಯಲ್ಲಿ ಬಿಚ್ಚಬೇಡಿ, ತಂತಿ ಕಿತ್ತ ಮೇಲೂ ಅದರೊಳಗೆ ವಿದ್ಯುತ್ತು ಉಳಿದಿರುತ್ತದೆ.

ಧೂಳಿಲ್ಲದ ಹೊಸ ಯಂತ್ರವೂ ಕಾಯಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಜೋಡಿಸಿದ ಕಂಪ್ಯೂಟರನ್ನು ಬಸ್ಸಿನ ಡಿಕ್ಕಿಯಲ್ಲಿ ಹಾಕಿಕೊಂಡು ತಂದಾಗ, ಹೀಟ್ ಸಿಂಕನ್ನು ಮದರ್‌ಬೋರ್ಡಿಗೆ ಹಿಡಿದಿಡುವ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಲ್ಲಿ ಒಂದು ಕಳಚಿಕೊಂಡರೂ ಸಾಕು. ಚಾಲೂ ಮಾಡಿದ ಒಂದೆರಡು ನಿಮಿಷಗಳಲ್ಲೇ 90 ದಾಟಿದರೆ ಮೊದಲು ಈ ಪಿನ್ನುಗಳನ್ನು ನೋಡಬೇಕು. ಇನ್ನು ಧೂಳಿಗೆಂದು ಹೊಲಿಸಿದ ಬಟ್ಟೆಯ ಕವರನ್ನು ಅರ್ಧ ಸರಿಸಿ, ಹಿಂಭಾಗವನ್ನು ಮುಚ್ಚಿಯೇ ಕಂಪ್ಯೂಟರ್ ನಡೆಸುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಒಳಗಿನ ಬಿಸಿಗಾಳಿ ಹೊರಬೀಳುವುದೇ ಹಿಂಭಾಗದಿಂದ. ಕಂಪ್ಯೂಟರ್ ಟೇಬಲ್ಲಿನ ಬಾಗಿಲಿರುವ ಖಾನೆಯಲ್ಲಿ ಕ್ಯಾಬಿನೆಟ್ ಇಟ್ಟು ಬಾಗಿಲು ಹಾಕುವುದೂ ಅಷ್ಟೇ ಕೆಟ್ಟದ್ದು.

ಉಳಿದ ಭಾಗಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಆಟದ ವೇಳೆ ಗ್ರಾಫಿಕ್ಸ್ ಕಾರ್ಡ್ 80 ಡಿಗ್ರಿಯ ಆಸುಪಾಸಿನಲ್ಲಿರುವುದು ಸಾಮಾನ್ಯ. ಎನ್‌ವಿಎಂಇ ಮಾದರಿಯ ಎಸ್‌ಎಸ್‌ಡಿಗಳಿಗೆ, ಅಂದರೆ ಕಡತಗಳನ್ನು ಇಡುವ ವೇಗದ ಚಿಪ್ ಡಿಸ್ಕುಗಳಿಗೆ, ಹೆಚ್ಚಿನ ತಯಾರಕರು 70 ಡಿಗ್ರಿಯ ಮಿತಿ ಹೇಳುತ್ತಾರೆ. ಮನೆಬಳಕೆಯ ಹಾರ್ಡ್ ಡಿಸ್ಕಿಗೆ ಸಾಮಾನ್ಯವಾಗಿ 60 ಡಿಗ್ರಿ ಕಟ್ಟಕಡೆಯ ಮಿತಿಯಾದರೂ 45ರೊಳಗೆ ಇದ್ದರೆ ನೆಮ್ಮದಿ. 2007ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ದಾಖಲೆಗಳನ್ನು ಪರಿಶೀಲಿಸಿದಾಗ, ಬಿಸಿಗೂ ಡಿಸ್ಕ್ ಕೆಡುವುದಕ್ಕೂ ಜನ ನಂಬಿದ್ದಷ್ಟು ಬಿಗಿಯಾದ ಸಂಬಂಧ ಕಂಡುಬರಲಿಲ್ಲ. ತೀರ ಹೆಚ್ಚಿನ ಉಷ್ಣಾಂಶದಲ್ಲಿ, ಅದರಲ್ಲೂ ಮೂರ್ನಾಲ್ಕು ವರ್ಷ ಹಳೆಯದಾದ ಡಿಸ್ಕುಗಳಲ್ಲಿ, ಮಾತ್ರ ವ್ಯತ್ಯಾಸ ಎದ್ದು ಕಂಡಿತು. ಆದ್ದರಿಂದ ಏಪ್ರಿಲ್ಲಿನಲ್ಲಿ ಡಿಸ್ಕ್ 47 ತೋರಿಸಿತೆಂದು ಹೆದರಬೇಕಿಲ್ಲ, ಆದರೆ ಫೋಟೊಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ.

ಹಾಗಾದರೆ ಅಂಗಡಿಗೆ ಒಯ್ಯಲೇಬೇಕಾದದ್ದು ಯಾವಾಗ? ಭಾರದ ಕೆಲಸದ ನಡುವೆ ಪ್ರೊಸೆಸರ್ ತನ್ನ ಮಿತಿಗೆ ಹೋಗಿ ಅಂಟಿಕೊಂಡು, ಅದೇ ಹೊತ್ತಿಗೆ ಟಾಸ್ಕ್ ಮ್ಯಾನೇಜರಿನಲ್ಲಿ ಅದರ ವೇಗ ತಯಾರಕರು ಹೇಳಿದ ಮೂಲವೇಗಕ್ಕಿಂತಲೂ ಕೆಳಗೆ ಇಳಿದರೆ, ಅಥವಾ ಏನೂ ಕೆಲಸವಿಲ್ಲದೆ ಸುಮ್ಮನಿರುವಾಗಲೇ ಅದು ಕೋಣೆಗಿಂತ 35, 40 ಡಿಗ್ರಿ ಮೇಲಿದ್ದರೆ ತಡಮಾಡಬಾರದು. ಕಂಪ್ಯೂಟರ್ ಹಠಾತ್ತನೆ ಆಫ್ ಆಗುವುದಕ್ಕೆಲ್ಲ ಬಿಸಿಯೇ ಕಾರಣವಲ್ಲ. ಕರೆಂಟು ಹೋದ ಕ್ಷಣದಲ್ಲೇ ಆಫ್ ಆದರೆ ಅದು ಯುಪಿಎಸ್ ಬ್ಯಾಟರಿಯ ದೋಷವಿರಬಹುದು. ಕರೆಂಟು ಇದ್ದಾಗಲೇ, ಭಾರದ ಕೆಲಸದ ನಡುವೆ ಆಫ್ ಆಗಿ, ಆರಿದ ಮೇಲೆ ಮತ್ತೆ ಚಾಲೂ ಆದರೆ ಬಿಸಿಯನ್ನು ಶಂಕಿಸಬೇಕು. ರಿಪೇರಿಯವರ ಬಳಿ ಹೋಗುವಾಗ ಪ್ರೊಸೆಸರಿನ ಮಾದರಿ, ಸುಮ್ಮನಿದ್ದಾಗಿನ ಮತ್ತು ಭಾರದಲ್ಲಿದ್ದಾಗಿನ ಉಷ್ಣಾಂಶ, ಆಗ ಕೋಣೆಯಲ್ಲಿದ್ದ ಉಷ್ಣಾಂಶ, ಇವಿಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅವರು ಹೊಸ ಫ್ಯಾನನ್ನೋ ಹೊಸ ಮದರ್‌ಬೋರ್ಡನ್ನೋ ಹಾಕಬೇಕೆಂದು ಹೇಳುವ ಮೊದಲು, ಹಳೆಯದನ್ನು ಶುಚಿಮಾಡಿ ಪೇಸ್ಟ್ ಬದಲಿಸಿ ಅದೇ ಅಂತರವನ್ನು ಇನ್ನೊಮ್ಮೆ ಅಳೆದು ತೋರಿಸುವಂತೆ ಕೇಳಿ.

ನಮಸ್ಕಾರ.